ಆರನೇ ಮಗ್ಗದ ಲಾಳಿ

2023ರಲ್ಲಿ ನಾನು ಕೊಲ್ಲಾಪುರದ ಐದು ಜನರ ಪುಟ್ಟ ಗೇಮ್ ಸ್ಟುಡಿಯೊದಲ್ಲಿ ಫಿಸಿಕ್ಸ್ ಪ್ರೋಗ್ರಾಮರ್ ಆಗಿದ್ದೆ. ಗೇಮಿನೊಳಗಿನ ವಸ್ತುಗಳು ತಮ್ಮ ತೂಕ, ವೇಗಕ್ಕೆ ತಕ್ಕಂತೆ ಬೀಳುವ, ಜಿಗಿಯುವ ಲೆಕ್ಕ ಬರೆಯುವುದು ನನ್ನ ಕೆಲಸ. ನಮ್ಮದು ವಿಚಿತ್ರ ಗೇಮ್: ಆಕಾಶ, ಗುಡ್ಡ, ಮನುಷ್ಯರು ಎಲ್ಲವೂ ಕಂಬಳಿಯಲ್ಲಿ ನೇಯ್ದಂತೆ ಕಾಣಬೇಕು. ನಾಯಕನೋ ಒಂದು ಉಣ್ಣೆಯುಂಡೆ. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಮೇಲೆ ಕುಳಿತು ಮಗ್ಗ ದಾಟುತ್ತಾನೆ.

ಮಗ್ಗಕ್ಕಾಗಿ ನಾನು ಅಲೆಯಬೇಕಿರಲಿಲ್ಲ. ಅಪ್ಪ ಹತ್ತಿರದ ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ನೇಕಾರರು. ಒಂದು ರಜಾದಿನ ಅವರ ಆರನೇ ಮಗ್ಗವನ್ನು ಇಂಚಿಂಚೂ ಅಳೆದು ತಂದೆ. ಲಾಳಿ ಬಂದು ನಿಲ್ಲುವ ಪೆಟ್ಟಿಗೆ ಎರಡು ಡಿಗ್ರಿ ಓರೆಯಿತ್ತು. ಮಗ್ಗ ಇರುವುದೇ ಹೀಗೆ ಎಂದುಕೊಂಡು ಅದನ್ನೂ ಬರೆದುಕೊಂಡೆ.

ಗೇಮಿನಲ್ಲಿ ಕಾಟ ಶುರುವಾಯಿತು. ಆಗೊಮ್ಮೆ ಈಗೊಮ್ಮೆ ಲಾಳಿ ಹಾರಿ, ಮಗ್ಗದ ಎದುರು ನಾವು ನಿಲ್ಲಿಸಿದ್ದ ನೇಕಾರನ ಪಾತ್ರದ ಮುಖಕ್ಕೆ ಬಡಿಯುತ್ತಿತ್ತು. ನಾಲ್ಕು ದಿನ ಕೋಡ್ ತಡಕಿದರೂ ತಪ್ಪು ಸಿಗಲಿಲ್ಲ. ಸಾಕಾಗಿ ನೇಕಾರನನ್ನೇ ಬಗ್ಗಿಸಿದೆ. ಲಾಳಿ ಅವನ ತಲೆಯ ಮೇಲಿಂದ ಹೋಯಿತು. ಶೆಡ್ಡಿನ ಫೋಟೊ ನೋಡಿ ಗೇಮಿನ ಚಿತ್ರ ಬರೆಯುತ್ತಿದ್ದ ಸಂಗೀತಾ ಚಪ್ಪಾಳೆ ತಟ್ಟಿದಳು.

"ಝಾಲಂ ಕೀ, ಆತು ಬಿಡ! ಥೇಟ್ ನಿಮ್ಮಪ್ಪ ನಿಂತಂಗ ಕಾಣಸ್ತಾನ ನೋಡ."

ನಾನು ಅವಳ ಮುಂದಿದ್ದ ಫೋಟೊ ಎಳೆದು ನೋಡಿದೆ. ಆರನೇ ಮಗ್ಗದ ಮುಂದೆ ಅಪ್ಪ ಹಾಗೆಯೇ ಬಗ್ಗಿ ನಿಲ್ಲುತ್ತಿದ್ದರು. ಸೊಂಟನೋವೆಂದು ತಿಳಿದು ಅವ್ವ ದಿನಾ ಎಣ್ಣೆ ತಿಕ್ಕುತ್ತಿದ್ದಳು. ತಪ್ಪು ಇದ್ದದ್ದು ಕೋಡಿನಲ್ಲಲ್ಲ, ಮಗ್ಗದ ಆ ಎರಡು ಡಿಗ್ರಿ ಓರೆಯಲ್ಲಿ.

ಮಧ್ಯಾಹ್ನ ಮೂರು ಗಂಟೆ, ಅಪ್ಪನ ಪಾಳಿ. ಮಗ್ಗಗಳ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಹನ್ನೊಂದು ಸಲ ಫೋನ್ ಮಾಡಿದೆ. ಕೊನೆಗೆ ಸ್ಕೂಟಿ ಹತ್ತಿದೆ. ದಾರಿಯುದ್ದಕ್ಕೂ ಲೋಹದ ಮೂತಿಯ, ಅರ್ಧ ಕಿಲೊ ತೂಕದ ಆ ಲಾಳಿಯೇ ಕಣ್ಣ ಮುಂದೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಶೆಡ್ಡಿನಲ್ಲಿ ಕೂಗಿ ಫಲವಿಲ್ಲ. ಅಲ್ಲಿ ಮಾತೆಲ್ಲ ಕೈಸನ್ನೆ. ಅಪ್ಪ ನನಗೆ ಬೆನ್ನು ಮಾಡಿದ್ದರು. ಮೇಲೇನನ್ನೋ ತೆಗೆಯಲು ಆರನೇ ಮಗ್ಗದ ಮುಂದೆ ನೆಟ್ಟಗೆ ನಿಂತು ಕೈ ಚಾಚಿದ್ದರು. ಓಡಿಹೋಗಿ ಮೇನ್ ಸ್ವಿಚ್ ಎಳೆದೆ. ಇಡೀ ಶೆಡ್ ನಿಂತಿತು.

"ಯಾರ ಬಂದ್ ಮಾಡಿದ್ರಿ?" ಎಂದು ಅಪ್ಪ ತಿರುಗಿದರು.

"ಅಪ್ಪಾ, ಪೆಟ್ಟಿಗಿ ಓರೆ ಆಗೇತಿ. ಲಾಳಿ ಹಾರತೈತಿ!"

ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಎಲ್ಲಾರಿಗೂ ಗೊತ್ತೈತಿ. ದೀಡ ವರ್ಷ ಆತು. ಬಗ್ಗಿ ನಿಂತ್ರ ಏನೂ ಆಗಂಗಿಲ್ಲ. ಯಾಕ ಅಳಾಕತ್ತಿ?"

ಒಂದೂವರೆ ವರ್ಷ ಬಗ್ಗಿ ನಿಂತ ಅಪ್ಪನ ಮೇಲೂ, ಓರೆಯನ್ನು ಅಳೆದೂ ಏನೂ ಕೇಳದೆ ಬಂದ ನನ್ನ ಮೇಲೂ ಸಿಟ್ಟು ಬಂತು. ಫಿಟರ್ ಪೆಟ್ಟಿಗೆ ಸರಿಮಾಡಲು ತೆಗೆದುಕೊಂಡದ್ದು ಇಪ್ಪತ್ತೇ ನಿಮಿಷ. ಮರುದಿನ ಗೇಮಿನಲ್ಲೂ ಓರೆ ತೆಗೆದು, ನೇಕಾರನನ್ನು ನೆಟ್ಟಗೆ ನಿಲ್ಲಿಸಿದೆ. ತಪ್ಪು ಸಿಗಲಿಲ್ಲವೆಂದು ಎದುರಿಗಿದ್ದವರನ್ನು ಬಗ್ಗಿಸಿ ಕೈತೊಳೆದುಕೊಳ್ಳಬಾರದು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ಗೇಮಿನ ನೇಕಾರ ಒಂದು ಸಾಲು ಕೋಡ್ ಬದಲಿಸಿದ ಕೂಡಲೇ ನೆಟ್ಟಗಾದ. ಅಪ್ಪ ಆರನೇ ಮಗ್ಗದ ಮುಂದೆ ಇವತ್ತಿಗೂ ಬಗ್ಗಿಯೇ ನಿಲ್ಲುತ್ತಾರೆ.