ದೇರಾದ ಹೋಟೆಲಿಗೆ ಬಂದ ಫೋನು

ಹಾಸಿಗೆ ಹೊದಿಕೆಯ ಅಂಚನ್ನು ಆಕೆ ಎರಡು ಬೆರಳ ನಡುವೆ ಹಿಡಿದು ಒಮ್ಮೆ ಉಜ್ಜುತ್ತಿದ್ದಳು, ಆಮೇಲೆ ಕಿವಿಯ ಹತ್ತಿರ ತಂದು ಇನ್ನೊಮ್ಮೆ ಉಜ್ಜುತ್ತಿದ್ದಳು. ಗಂಜಿ ಹೆಚ್ಚಾದ ಬಟ್ಟೆ ಸದ್ದು ಮಾಡುತ್ತದೆ, ಮೊದಲ ಒಗೆತಕ್ಕೇ ಜಾಳಾಗುತ್ತದೆ ಎಂದು ನನಗೆ ಹೇಳಿದ್ದಳು. ಸದ್ದು ಮಾಡಿದ ಹೊದಿಕೆಯನ್ನು ಮಡಿಸಿ ಅಂಗಡಿಯವನಿಗೆ ವಾಪಸು ಕೊಡುವಾಗ ಅದರ ಮೇಲೊಮ್ಮೆ ಮೆಲ್ಲಗೆ ತಟ್ಟುತ್ತಿದ್ದಳು. ಅದರದೇನೂ ತಪ್ಪಿಲ್ಲ ಎನ್ನುವಂತೆ.

ಮಧ್ಯ ಆಫ್ರಿಕದಲ್ಲಿ, ನದಿಯ ದಂಡೆಯ ಒಂದು ಊರಿನಲ್ಲಿ ಆಕೆಗೆ ಸಣ್ಣದೊಂದು ವಸತಿ ಹೋಟೆಲಿತ್ತು. ಲಾರಿ ಚಾಲಕರು, ಶಾಲಾ ತನಿಖೆಗೆ ಬರುವ ಅಧಿಕಾರಿಗಳು, ದೋಣಿ ತಪ್ಪಿಸಿಕೊಂಡ ವ್ಯಾಪಾರಿಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರಂತೆ. ಆ ಹೋಟೆಲಿಗೆ ಬೇಕಾದ ಹೊದಿಕೆ, ಪರದೆ, ಫ್ಯಾನು, ಬೀಗಗಳನ್ನು ಕೊಳ್ಳಲು ವರ್ಷಕ್ಕೊಮ್ಮೆ ದುಬೈಗೆ ಬರುತ್ತಿದ್ದಳು. ಅಷ್ಟು ದಿನ ಆಕೆಯ ತಾಯಿ ಹೋಟೆಲನ್ನು ನೋಡಿಕೊಳ್ಳುತ್ತಿದ್ದರು. "ನಮ್ಮಮ್ಮ ಗಿರಾಕಿಗಳನ್ನು ಬೈದು ಬೈದೇ ಉಳಿಸಿಕೊಂಡಿದ್ದಾಳೆ," ಎಂದು ಒಮ್ಮೆ ಹೇಳಿ ನಕ್ಕಿದ್ದಳು.

ನಾನು ಆಗ ದುಬೈಯ ಹಳೆಯ ಪೇಟೆ ದೇರಾದ ಒಂದು ಕಾರ್ಗೋ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಸಂಜೆಯ ತರಗತಿಗಳಲ್ಲಿ ಕಲಿತ ಫ್ರೆಂಚ್ ನನಗೆ ಆ ಕೆಲಸ ಕೊಡಿಸಿತ್ತು. ಫ್ರೆಂಚ್ ಆಡುವ ಆಫ್ರಿಕದ ವ್ಯಾಪಾರಿಗಳೇ ನಮ್ಮ ಕಚೇರಿಯ ಮುಖ್ಯ ಗಿರಾಕಿಗಳು. ಸತ್ವಾ ಬಡಾವಣೆಯಲ್ಲಿ ನಾನು ಬೇರೆ ಹುಡುಗಿಯರ ಜೊತೆ ಹಂಚಿಕೊಂಡಿದ್ದ ವಿಲ್ಲಾವನ್ನು ಮಾಲೀಕರು ಒಡೆಸಲು ಹೊರಟಾಗ, ಬೇರೆ ಜಾಗ ಸಿಗುವವರೆಗೆಂದು ದೇರಾದಲ್ಲೇ ಒಂದು ಅಗ್ಗದ ವಸತಿ ಹೋಟೆಲಿಗೆ ಬಂದೆ. ಅದರ ಮ್ಯಾನೇಜರ್ ಉಡುಪಿ ಕಡೆಯವರು. ಫ್ರೆಂಚ್ ಮಾತಾಡುವ ಅತಿಥಿಗಳಿಗೂ ಅವರಿಗೂ ನಡುವೆ ನಾನು ದುಭಾಷಿಯಾಗಬೇಕು, ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತೇನೆ ಎಂದಿದ್ದರು. ಬಿಸಿನೀರು ಬರುತ್ತಿಲ್ಲ, ಬಟ್ಟೆಗೆ ಇಸ್ತ್ರಿ ಬೇಕು, ಪಕ್ಕದ ಕೋಣೆಯವರು ಟೀವಿಯ ಸದ್ದು ಕಡಿಮೆ ಮಾಡಲಿ: ನನ್ನ ಬಾಯಿಂದ ಹೋಗುತ್ತಿದ್ದದ್ದು ಹೆಚ್ಚಾಗಿ ಇಂಥ ಮಾತುಗಳೇ.

ಖರೀದಿಗೆ ಬಂದ ಆಕೆ ಇಳಿದುಕೊಂಡಿದ್ದದ್ದೂ ಅಲ್ಲೇ, ನನ್ನ ಕೋಣೆಯ ಎದುರು ಕೋಣೆಯಲ್ಲಿ. ನನ್ನನ್ನು ಪುಟ್ಟ ತಂಗಿ ಎಂದು ಕರೆಯುತ್ತಿದ್ದಳು.

"ಪುಟ್ಟ ತಂಗಿ, ನಿನ್ನ ಆಫೀಸಿನವರು ನಿನಗೆ ಊಟಕ್ಕೆ ಬಿಡುವುದಿಲ್ಲವೇ? ನಮ್ಮ ಹೋಟೆಲಿಗೆ ಬಾ. ನಿನ್ನ ತೋಳು ನೋಡಿದರೆ ನಮ್ಮಮ್ಮ ಬಾಡಿಗೆ ಕೇಳುವುದಿಲ್ಲ, ಮೊದಲು ಗಂಜಿ ಕುಡಿಸುತ್ತಾಳೆ."

ನಾನು ಯಾರೊಡನೆಯೂ ಬೇಗ ಬೆರೆಯುವವಳಲ್ಲ. ಆದರೆ ಸಂಜೆ ಕಚೇರಿಯಿಂದ ಬಂದಾಗ ಆಕೆಯ ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಕೂತುಕೊಳ್ಳುವುದು ಅಭ್ಯಾಸವಾಗಿತ್ತು.

ಅಂದು ಗುರುವಾರ, ಶುಕ್ರವಾರದ ವಾರದ ರಜೆಯ ಮುನ್ನಾದಿನ, ಕಚೇರಿ ಅರ್ಧ ದಿನ. ಮಧ್ಯಾಹ್ನ ನಾನು ಹೋಟೆಲಿನ ಒಳಗೆ ಕಾಲಿಡುವಾಗ ಮ್ಯಾನೇಜರ್ ಫೋನಿನ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಬನ್ನಿ ಮೇಡಂ, ಬೇಗ ಬನ್ನಿ. ಯಾರೋ ಕೂಗ್ತಾ ಇದ್ದಾನೆ, ನಂಗೊಂದೂ ತಲೆಬುಡ ಗೊತ್ತಾಗ್ಲಿಲ್ಲ."

ಕೂಗುತ್ತಿದ್ದದ್ದು ಆಕೆಯ ತಮ್ಮ. ಲೈನು ಸರಿಯಿಲ್ಲದ್ದಕ್ಕೆ ಕೂಗುತ್ತಿದ್ದ ಎಂದು ಮೊದಲು ಅಂದುಕೊಂಡೆ. ಅಕ್ಕ ಎಲ್ಲಿ ಎಂದು ಕೇಳಿದ. ಮಾರುಕಟ್ಟೆಗೆ ಹೋಗಿದ್ದಾಳೆ ಎಂದೆ. ಹಾಗಾದರೆ ನೀನೇ ಅವಳಿಗೆ ಹೇಳು ಎಂದ. ನಿನ್ನೆ ಸಂಜೆ ಅಮ್ಮ ತೀರಿಕೊಂಡಳು. ಆಸ್ಪತ್ರೆಯಲ್ಲಿ ಹೆಣ ಇಡುವ ತಂಪುಕೋಣೆಗೆ ಜನರೇಟರ್ ಇದೆ, ಡೀಸೆಲ್ ಹೆಚ್ಚಿಲ್ಲ. ಶನಿವಾರ ಬೆಳಿಗ್ಗೆಯವರೆಗೆ ಕಾಯಬಹುದು, ಆಮೇಲೆ ಆಗುವುದಿಲ್ಲ. ನಾಳೆ ಬೆಳಗಿನ ವಿಮಾನ ಹತ್ತಿದರೆ ಅವಳು ಶನಿವಾರ ಬೆಳಿಗ್ಗೆ ಊರು ಮುಟ್ಟುತ್ತಾಳೆ, ಅಮ್ಮನ ಮುಖ ನೋಡುತ್ತಾಳೆ. ಹತ್ತದಿದ್ದರೆ ನಾಳೆಯೇ ಮಣ್ಣು ಮಾಡುತ್ತೇವೆ. ಅವಳು ಹೊರಟಳೋ ಇಲ್ಲವೋ ತಿಳಿಸು. ತಾಯಿಯ ಹೆಸರನ್ನು, ಒಂದು ಫೋನ್ ನಂಬರನ್ನು ಎರಡೆರಡು ಸಲ ಹೇಳಿದ. ಲೈನು ಕಡಿದುಹೋಯಿತು.

ಮ್ಯಾನೇಜರಿಗೆ ವಿಷಯ ತಿಳಿಸಿದೆ. ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದಿಟ್ಟರು.

"ಅಯ್ಯೋ ದೇವರೇ. ಪಾಪ. ನೋಡಿ ಮೇಡಂ, ತೀರಿಕೊಂಡ್ರು ಅಂತ ಹೇಳ್ಬೇಡಿ ಆಯ್ತಾ. ಹುಷಾರಿಲ್ಲ, ಹೊರಟು ಬರ್ಬೇಕಂತೆ, ಅಷ್ಟು ಹೇಳಿ ಸಾಕು. ಒಬ್ಳೇ ಅಷ್ಟು ದೂರ ಹೋಗುದಲ್ವಾ. ವಿಮಾನದಲ್ಲಿ ಏನಾದ್ರೂ ಆದ್ರೆ? ಊರಿಗೆ ಮುಟ್ಟಿದ ಮೇಲೆ ಅವ್ರ ಜನ ಇರ್ತಾರೆ."

ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮವರಲ್ಲಿ ಇದೇ ರೂಢಿ. ಗಲ್ಫಿನಲ್ಲಿರುವ ಮಗನಿಗೋ ಮಗಳಿಗೋ ಫೋನಿನಲ್ಲಿ ಯಾರೂ ಸಾವನ್ನು ಹೇಳುವುದಿಲ್ಲ. ಹುಷಾರಿಲ್ಲ ಎಂದು ಕರೆಸಿಕೊಳ್ಳುತ್ತಾರೆ, ಅವರು ಬ್ಯಾಗಿಗೆ ಬಟ್ಟೆ ತುಂಬಿ ಹೊರಡುತ್ತಾರೆ. ಹೊರಡುವವರೆಗೆ ಜೊತೆಗಿದ್ದವರೆಲ್ಲ ಸಹಜವಾಗಿ ಮಾತಾಡುತ್ತಾರೆ.

ಆಕೆ ಹೊದಿಕೆಗಳ ಗಂಟು ಹೊರಿಸಿಕೊಂಡು ಬಂದಳು. ನಾನು ಕೋಣೆಯವರೆಗೆ ಜೊತೆಗೆ ಹೋಗಿ, ತಮ್ಮ ಫೋನು ಮಾಡಿದ್ದ, ಅಮ್ಮನಿಗೆ ಹುಷಾರಿಲ್ಲವಂತೆ, ನಾಳೆಯೇ ಹೊರಟು ಬರಬೇಕಂತೆ ಎಂದೆ.

"ಏನಾಗಿದೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. "ಉಸಿರಾಟದ ತೊಂದರೆ," ಎಂದೆ.

ಆಕೆಯ ಮುಖ ಸಡಿಲವಾಯಿತು. ಮಂಚದ ಮೇಲೆ ಕೂತು ಚಪ್ಪಲಿ ಬಿಚ್ಚಿದಳು. ಒಣಗಾಳಿ ಬೀಸುವ ದಿನಗಳಲ್ಲಿ ಅಮ್ಮನಿಗೆ ಪ್ರತಿ ವರ್ಷವೂ ಹೀಗೇ ಆಗುತ್ತದೆ, ತಮ್ಮ ಅಂಜುಬುರುಕ, ಹೋದ ವರ್ಷವೂ ಹೀಗೇ ಕೂಗಾಡಿದ್ದ ಎಂದಳು. "ಇಲ್ಲಿ ಉಸಿರಾಟಕ್ಕೆ ಒಂದು ಯಂತ್ರ ಸಿಗುತ್ತದಂತೆ. ಮಧ್ಯಾಹ್ನ ಮುಚ್ಚಿದ ಅಂಗಡಿಗಳು ನಾಲ್ಕು ಗಂಟೆಗೆ ತೆರೆಯಲಿ, ಕೊಂಡುಕೊಳ್ಳುತ್ತೇನೆ. ಮುಂದಿನ ವಾರ ನಾನೇ ಒಯ್ದು ಕೊಡುತ್ತೇನೆ. ನೀನು ಹೆದರಬೇಡ, ಪುಟ್ಟ ತಂಗಿ. ಮುಖ ನೋಡು ಹೇಗಾಗಿದೆ, ನಿನ್ನ ಅಮ್ಮನಿಗೇ ಆದ ಹಾಗೆ." ನನ್ನ ಕೈಗೆ ಒಂದು ಕಿತ್ತಳೆ ಕೊಟ್ಟಳು.

ನಾನು ಕೆಳಗೆ ಬಂದು ಮ್ಯಾನೇಜರಿಗೆ ಹೇಳಿದೆ.

"ಎಂತದ್ದು ಮಾರಾಯ್ತಿ ಇದು! ತಾಯಿಗೆ ಹುಷಾರಿಲ್ಲ ಅಂದ್ರೆ ಓಡಿ ಹೋಗ್ಬೇಕಲ್ವಾ?"

"ನಾವು ಹೇಳಿದ್ದನ್ನು ಅವ್ರು ನಂಬಿದಾರೆ ಸಾರ್. ಅಷ್ಟೆ."

"ಹಾಗಾದ್ರೆ ಸ್ವಲ್ಪ ಜಾಸ್ತಿ ಹೇಳಿ. ಐಸಿಯುನಲ್ಲಿ ಇಟ್ಟಿದ್ದಾರೆ ಅಂತ ಹೇಳಿ."

"ಆ ಊರಿನಲ್ಲಿ ಐಸಿಯು ಇಲ್ಲ."

"ನಿಮ್ಮ ಮೈಸೂರಿನವರದ್ದು ಇದೊಂದು, ಸುಳ್ಳಿಗೂ ವಿಳಾಸ ಸರಿ ಇರ್ಬೇಕು," ಎಂದು ಸಿಡುಕಿದರು. ಮರುಕ್ಷಣವೇ ದನಿ ಇಳಿಸಿದರು. "ನಾಳೆ ಬಿಟ್ರೆ ಮುಂದಿನ ಫ್ಲೈಟ್ ಸೋಮವಾರ. ಪಕ್ಕದ ಟ್ರಾವೆಲ್ಸ್‌ನವನು ಏಳು ಗಂಟೆಗೆ ಶಟರ್ ಎಳೀತಾನೆ. ಅಷ್ಟ್ರಲ್ಲಿ ಟಿಕೆಟ್ ಬದಲು ಮಾಡ್ಸದಿದ್ರೆ ಖಲಾಸ್. ಎಂತ ಮಾಡುದು ಈಗ?"

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನನ್ನ ತಂದೆ ತೀರಿಕೊಂಡಾಗ ನನಗೂ ಹುಷಾರಿಲ್ಲ ಎಂದೇ ಹೇಳಿದ್ದರು. ವಿಮಾನದಲ್ಲಿ ಕೊಟ್ಟ ಊಟವನ್ನೆಲ್ಲ ನಾನು ತಿಂದಿದ್ದೆ. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು ಕೂರಬೇಕಾಗುತ್ತದೆ, ಶಕ್ತಿ ಬೇಕು ಎಂಬ ವಿಚಾರದಿಂದ. ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಅಂಗಳದಲ್ಲಿ ಅಷ್ಟು ಜನರಿದ್ದರೂ ನನಗೆ ಹೊಳೆಯಲಿಲ್ಲ. ಎದುರಿಗೆ ಬಂದ ಚಿಕ್ಕಪ್ಪನನ್ನು "ಯಾವ ಆಸ್ಪತ್ರೆ?" ಎಂದು ಗಟ್ಟಿಯಾಗಿ ಕೇಳಿದೆ. ಅಲ್ಲಿದ್ದವರು ಒಬ್ಬೊಬ್ಬರಾಗಿ ನೆಲ ನೋಡಿದರು. ಅವರಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ನಾನೂ ಅವರನ್ನು ಯಾವತ್ತೂ ದೂರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ ನನ್ನ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ.

ನಾಲ್ಕು ಗಂಟೆಯಾದ ಮೇಲೆ ಎದುರು ಕೋಣೆಯ ಬಾಗಿಲು ತಟ್ಟಿದೆ. ಆಕೆ ಹೊರಟುಹೋಗಿದ್ದಳು. ನೈಫ್ ರಸ್ತೆಯ ಉದ್ದಕ್ಕೂ ಹುಡುಕಿದೆ. ಎರಡು ಔಷಧಿ ಅಂಗಡಿಗಳಲ್ಲಿ ಇರಲಿಲ್ಲ. ಮೂರನೆಯದರಲ್ಲಿ ಸಿಕ್ಕಳು. ಕೌಂಟರಿನ ಮೇಲೆ ಒಂದು ಯಂತ್ರವನ್ನು ಡಬ್ಬದಿಂದ ಹೊರಗೆ ತೆಗೆಸಿ ಇಟ್ಟುಕೊಂಡು, ಕೇರಳದ ಔಷಧಿಗಾರನಿಗೆ ಕೈಸನ್ನೆಯಲ್ಲಿ ಏನನ್ನೋ ವಿವರಿಸುತ್ತಿದ್ದಳು. ನನ್ನನ್ನು ಕಂಡು ಅವಳಿಗೆ ಸಂತೋಷವಾಯಿತು.

"ಸರಿಯಾದ ಹೊತ್ತಿಗೆ ಬಂದೆ. ಇವನನ್ನು ಕೇಳು, ಇದು ಜನರೇಟರಿನ ಕರೆಂಟಿಗೆ ಸುಟ್ಟುಹೋಗುವುದಿಲ್ಲ ತಾನೇ?"

ಅಭ್ಯಾಸಬಲದಿಂದ ನಾನು ಔಷಧಿಗಾರನನ್ನು ಕೇಳಿಯೂಬಿಟ್ಟೆ. ಸ್ಟೆಬಿಲೈಸರ್ ಇಟ್ಟರೆ ಸುಡುವುದಿಲ್ಲ ಎಂದ. ಅದನ್ನು ಫ್ರೆಂಚಿಗೆ ತರಲು ಬಾಯಿ ತೆರೆದವಳು ನಿಂತೆ.

"ಅದನ್ನು ಕೊಳ್ಳಬೇಡಿ," ಎಂದೆ.

"ಯಾಕೆ? ಬೆಲೆ ಜಾಸ್ತಿಯೇ?"

"ನಿಮ್ಮ ತಾಯಿ ತೀರಿಕೊಂಡಿದ್ದಾರೆ. ನಿಮ್ಮ ತಮ್ಮ ಹೇಳಿದ್ದು ಅದನ್ನೇ."

ಆಕೆ ಯಂತ್ರದ ರಬ್ಬರಿನ ಕೊಳವೆಯನ್ನು ಸುತ್ತಿ ಡಬ್ಬದೊಳಗೆ ಇಟ್ಟಳು. ಮುಚ್ಚಳ ಹಾಕಿದಳು.

"ಯಾವಾಗ?"

"ನಿನ್ನೆ ಸಂಜೆ."

"ನಿನಗೆ ಯಾವಾಗ ಗೊತ್ತಾಯಿತು?"

"ಮಧ್ಯಾಹ್ನ. ನೀವು ಬರುವ ಮೊದಲು."

"ನಾನು ನಿನಗೆ ಕಿತ್ತಳೆ ಕೊಟ್ಟಾಗ?"

"ಹೌದು."

"ಕೆಳಗಿನ ಆ ಮನುಷ್ಯನಿಗೂ ಗೊತ್ತೇ?"

"ಹೌದು."

"ನೀವೆಲ್ಲ ತಿಳಿದುಕೊಂಡು ನನ್ನ ಮುಖ ನೋಡುತ್ತಿದ್ದಿರಿ," ಎಂದಳು. "ಅಮ್ಮ ಸತ್ತು ಬಿದ್ದಿದ್ದಾಳೆ, ನಾನು ನಗುತ್ತಾ ಪೇಟೆ ಸುತ್ತುತ್ತಿದ್ದೇನೆ."

ನಮ್ಮಲ್ಲಿ ಹೀಗೆ ಹೇಳುವುದು ರೂಢಿ ಎಂದು ಹೇಳಹೊರಟೆ. ಆಕೆ ಕೈಯೆತ್ತಿ ತಡೆದಳು. ನಿಮ್ಮ ರೂಢಿ ನನಗೆ ಬೇಡ, ನಮ್ಮಲ್ಲಿ ಸುದ್ದಿ ತಂದವರು ಸತ್ತವರ ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು, ಹಾಗೆ ಹೇಳದಿದ್ದರೆ ಅಳಲು ಬರುವುದಿಲ್ಲ ಎಂದಳು. ಸುತ್ತ ಬೇರೆ ಗಿರಾಕಿಗಳಿದ್ದರು. ಜನರ ಮುಂದೆ ದನಿ ಎತ್ತಿ ನನಗೆ ಗೊತ್ತಿಲ್ಲ. ಆದರೂ ಅವಳ ತಮ್ಮ ಎರಡು ಸಲ ಹೇಳಿದ್ದ ಹೆಸರನ್ನು ಹೇಳಿದೆ, ಆ ಹೆಸರಿನವರು ಸತ್ತಿದ್ದಾರೆ ಎಂದೆ. ಆಕೆ "ಇನ್ನೂ ಗಟ್ಟಿಯಾಗಿ" ಎಂದಳು. ಇನ್ನೂ ಗಟ್ಟಿಯಾಗಿ ಹೇಳಿದೆ. ಆಗ ಆಕೆ ನೆಲದ ಮೇಲೆ ಕೂತು ಕೂಗಿಟ್ಟಳು. ಔಷಧಿಗಾರ ಏನನ್ನೂ ಕೇಳದೆ ಬಂದು ಶಟರನ್ನು ಅರ್ಧ ಎಳೆದ. ನಾನು ಪಕ್ಕದಲ್ಲಿ ಕೂತೆ. ಏನು ಮಾಡಬೇಕೆಂದು ತಿಳಿಯದೆ ಅವಳ ಕೈಚೀಲವನ್ನು ಹಿಡಿದುಕೊಂಡಿದ್ದೆ.

ಎದ್ದಾಗ ಆಕೆ ಮೊದಲು ಕೇಳಿದ್ದು, "ಕಾಯುತ್ತಾರಂತೆಯೇ?" ಎಂದು.

"ನಾಳೆ ಬೆಳಗಿನ ವಿಮಾನ ಹತ್ತಿದರೆ ಕಾಯುತ್ತಾರಂತೆ."

ಟ್ರಾವೆಲ್ಸ್ ಅಂಗಡಿಯಲ್ಲಿ ಮ್ಯಾನೇಜರ್ ನಮಗಿಂತ ಮೊದಲೇ ಬಂದು ಕೂತಿದ್ದರು. ಒಳಗಿದ್ದ ಹುಡುಗನ ಹೆಗಲು ಹಿಡಿದು ತುಳುವಿನಲ್ಲಿ ಮಾತಾಡುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಆಕೆಯ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು.

"ಹೇಳಿದ್ರಾ?"

"ಹೇಳಿದೆ."

"ವೇಟಿಂಗ್ ಲಿಸ್ಟ್ ಅಂತಿದ್ದಾನೆ. ಇವತ್ತು ಸೀಟ್ ಕನ್ಫರ್ಮ್ ಆಗದೆ ನಾನು ಇಲ್ಲಿಂದ ಏಳುದಿಲ್ಲ ಅಂದಿದ್ದೇನೆ." ಆಮೇಲೆ ಆಕೆಯ ಕಡೆ ತಿರುಗಿ, ತಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, "ಸಾರಿ, ಸಿಸ್ಟರ್," ಎಂದರು. ಆಕೆ ಅವರತ್ತ ನೋಡಲಿಲ್ಲ.

ಏಳು ಗಂಟೆ ದಾಟಿತು, ಹುಡುಗ ಶಟರ್ ಎಳೆಯಲಿಲ್ಲ. ವಿಮಾನ ಕಂಪನಿಯ ಕಚೇರಿಗೆ ಮತ್ತೆ ಮತ್ತೆ ಫೋನು ಮಾಡಿದ. ಕೊನೆಗೆ ಯಾರೋ ಪ್ರಯಾಣ ರದ್ದು ಮಾಡಿದ್ದರಿಂದ ಒಂದು ಸೀಟು ಸಿಕ್ಕಿತು. ಮ್ಯಾನೇಜರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

ಹೋಟೆಲಿನಲ್ಲಿ ಇಳಿದಿದ್ದ ಆಫ್ರಿಕದ ಇತರ ಹೆಂಗಸರು ಅಷ್ಟರಲ್ಲಿ ಆಕೆಯ ಕೋಣೆಯಲ್ಲಿ ಸೇರಿದ್ದರು. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲಕ್ಕೆ ಹೊಸ ಹೊದಿಕೆಗಳನ್ನೇ ಹಾಸಿ ಕೂತು ಹಾಡುತ್ತಿದ್ದರು. ದುಃಖದ ಹಾಡೇ ಇರಬೇಕು, ನನಗೆ ಆ ಭಾಷೆ ತಿಳಿಯದು. ನಾನು ಬಾಗಿಲ ಹೊರಗೆ ನಿಂತಿದ್ದೆ. ಆಕೆ ನನ್ನನ್ನು ಕರೆಯಲಿಲ್ಲ. ವಯಸ್ಸಾದ ಒಬ್ಬಳು ಸರಿದು ಜಾಗ ಮಾಡಿದಳು, ನಾನು ಹೋಗಿ ಗೋಡೆಗೆ ಒರಗಿ ಕೂತೆ. ಮೇಲಿನ ಮಹಡಿಯಿಂದ ಯಾರೋ ಗಲಾಟೆ ಎಂದು ದೂರಿದರಂತೆ. ಮ್ಯಾನೇಜರ್ ಬಂದು ನನಗೆ ಮಾತ್ರ ಕೇಳುವಂತೆ, "ಬಾಗಿಲೊಂದು ಹಾಕ್ಕೊಳ್ಳಿಕ್ಕೆ ಹೇಳಿ ಮೇಡಂ, ಬೇರೆ ಎಂತದ್ದೂ ಹೇಳ್ಬೇಡಿ," ಎಂದು ಹೋದರು.

ಬೆಳಕು ಹರಿಯುವಾಗ ಆಕೆ ಹೊರಟಳು. ಟ್ಯಾಕ್ಸಿಯಲ್ಲಿ ಕೂರುವ ಮೊದಲು ನನ್ನ ಮುಂದೆ ನಿಂತಳು. ಪುಟ್ಟ ತಂಗಿ ಎನ್ನಲಿಲ್ಲ. ನನ್ನ ಮಣಿಕಟ್ಟನ್ನು ಒಮ್ಮೆ ಬಿಗಿಯಾಗಿ ಹಿಡಿದಳು, ಬಿಟ್ಟಳು. ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಲೂ ಇಲ್ಲ.

ಶುಕ್ರವಾರವಾದ್ದರಿಂದ ರಸ್ತೆ ಖಾಲಿಯಾಗಿತ್ತು. ವಿಮಾನ ಏರುವ ಹೊತ್ತು ಕಳೆಯುವವರೆಗೆ ಕಾದು, ಮಸೀದಿಯ ಪಕ್ಕದ ಫೋನ್ ಬೂತಿಗೆ ಹೋಗಿ ಹೊಸ ಕಾರ್ಡು ಹಾಕಿ ಆ ನಂಬರಿಗೆ ಕರೆ ಮಾಡಿದೆ. ಬಹಳ ಹೊತ್ತು ಬರಿಯ ಗೊರಗೊರ ಸದ್ದು. ಆಮೇಲೆ ಆಕೆಯ ತಮ್ಮ ಸಿಕ್ಕಿದ.

"ನಿಮ್ಮ ಅಕ್ಕ ಹೊರಟಿದ್ದಾಳೆ," ಎಂದೆ. "ನಾಳೆ ಬೆಳಿಗ್ಗೆ ಊರಿಗೆ ಬರುತ್ತಾಳೆ. ಎಲ್ಲ ತಿಳಿದುಕೊಂಡೇ ಬರುತ್ತಿದ್ದಾಳೆ."

"ಇರು, ಫೋನು ಇಡಬೇಡ," ಎಂದ. ರಿಸೀವರನ್ನು ಎಲ್ಲೋ ಇಟ್ಟ ಸದ್ದಾಯಿತು. ಅವನು ದೂರ ಹೋಗಿ, ಅಕ್ಕ ಹೊರಟ ಸುದ್ದಿಯನ್ನೇ ಇರಬೇಕು, ತನ್ನ ಭಾಷೆಯಲ್ಲಿ ಕೂಗಿ ಹೇಳಿದ. ಒಂದು ಹೆಂಗಸಿನ ದನಿ ಅದನ್ನೇ ಮತ್ತೆ ಕೂಗಿತು. ಇನ್ನೂ ಆಚೆಯಿಂದ ಇನ್ನೊಂದು. ಅವನು ಮರಳಿ ಬರಲಿಲ್ಲ. ಕಾರ್ಡು ಮುಗಿದು ಲೈನು ತಾನಾಗಿ ಕಡಿಯುವವರೆಗೂ ನಾನು ಆ ದನಿಗಳನ್ನು ಕೇಳುತ್ತಾ ನಿಂತೆ.