ಕಂಬಳಿ ಹೊಚ್ಚಿದ ಕಾಲು

ಬಿಸಿ, ಚಳಿಯ ವಿಷಯವನ್ನು ತನಗೆ ಯಾರೂ ಕಲಿಸಬೇಕಿಲ್ಲ ಎಂದು ಸಿರ್ಗಾಪುರದ ಶಿವರಾಯ ನಂಬಿದ್ದ. ಕುರಿ ಸಾಕಿದ ಮನೆತನ. ಚಳಿಯಲ್ಲಿ ಹುಟ್ಟಿದ ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಬದುಕಿಸಿದ ಕೈ ಅವನದು. ಜಹೀರಾಬಾದಿನ ಫೈಬರ್ ಕಾರ್ಖಾನೆಯಲ್ಲೂ ಹೆಚ್ಚುಕಡಿಮೆ ಅದೇ ಕೆಲಸ ಅನ್ನಿ. ಗಾಜಿನೆಳೆಯ ಬಟ್ಟೆಗೆ ಎಪಾಕ್ಸಿ ರಾಳವೆಂಬ ಅಂಟು ಬಳಿದು ಹಾಳೆ ಮಾಡುವುದು, ಚಳಿಗಾಲದಲ್ಲಿ ರಾಳ ಗಟ್ಟಿಯಾಗದೆ ಸತಾಯಿಸಿದರೆ ಮೇಲೆ ಹೊಚ್ಚಿ ಬೆಚ್ಚಗಿಡುವುದು.

ಅವನ ಹೆಂಡತಿ ಅಮೃತಬಾಯಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ಸಕ್ಕರೆ ಕಾಯಿಲೆ ತಿಂದಿತ್ತು. ತಾಂಡೂರಿನ ಶಿಬಿರದಲ್ಲಿ ಕೊಟ್ಟ ಕೃತಕ ಕಾಲು ಸೀಳಿ ಹೋಯಿತು. ಮುಂದಿನ ಶಿಬಿರ ಯಾವಾಗಲೋ, ಯಾರಿಗೆ ಗೊತ್ತು! ಕುರಿಗಳ ಹಿಂದೆ ಓಡಾಡಿದ ಹೆಂಗಸು ಅಂಗಳದಲ್ಲಿ ತೆವಳುವುದನ್ನು ನೋಡಿ ಶಿವರಾಯ ಸೀಳಿದ ಕಾಲನ್ನು ಕೈಗೆತ್ತಿಕೊಂಡ.

"ನಾನೇ ಮಾಡ್ತೀನಿ, ಸುಮ್ಕಿರು."

"ನಿಮಗ ಬರ್ತದೇನ್ರಿ?"

"ದಿನಾ ಮಾಡೋದು ಮತ್ತೇನದ?"

ದಿನಾ ಮಾಡುತ್ತಿದ್ದುದು ತೆಳು ಹಾಳೆಯಪ್ಪಾ! ಹಳೆಯ ಕಾಲನ್ನು ಅಳತೆಗಿಟ್ಟುಕೊಂಡು ಮನೆಯಲ್ಲೇ ಹೊಸದು ಕಟ್ಟಿದ. ಭಾರ ಹೊರುವ ತಳ ಗಟ್ಟಿಯಿರಲೆಂದು ರಾಳವನ್ನು ಒಮ್ಮೆಲೇ ದಪ್ಪಗೆ ಸುರಿದ. ಹೊರಗೆ ಚಳಿ. ಅಪ್ಪನ ಕಾಲದ ಕಂಬಳಿಯನ್ನು ಬಿಗಿಯಾಗಿ ಸುತ್ತಿ ಮಲಗಿಸಿದ. ಬಿಚ್ಚಿದಾಗ ತಳ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಬರುತ್ತಿತ್ತು. ರೊಟ್ಟಿಯ ಹಾಗೆ ಹದವಾಗಿ ಬೆಂದಿದೆ ಎಂದು ಹಿಗ್ಗಿದ, ಪುಣ್ಯಾತ್ಮ.

ಅಮೃತಬಾಯಿ ನಡೆದಳು. ಕುರಿಹಟ್ಟಿಯವರೆಗೆ ಹೋಗಿ ಬಂದು, "ನೋಡ್ರಿ, ನಾ ಹೆಂಗ ನಡ್ಯಾಕತ್ತೀನಿ!" ಎಂದು ನಕ್ಕಳು. ಆಮೇಲೊಂದು ಬೆಳಿಗ್ಗೆ ಹಿತ್ತಲಿನ ಮೆಟ್ಟಿಲ ಮೇಲೆ ಹೊಸ ಕಾಲಿನ ತಳ ಫಟ್ ಎಂದಿತು. ಬಿದ್ದಳು. ಮುರಿದದ್ದು ಇದ್ದೊಂದು ಕಾಲಿನ ತೊಡೆಯೆಲುಬು. ಸಕ್ಕರೆ ಏರಿದೆ, ಆಪರೇಷನ್ ಆಗದು, ಇನ್ನು ಹಾಸಿಗೆಯೇ ಗತಿ ಎಂದರು ನಾರಾಯಣಖೇಡದ ಡಾಕ್ಟರರು.

ಕಾರ್ಖಾನೆಯ ಮೇಸ್ತ್ರಿ ಪ್ರವೀಣಕುಮಾರ ಮುರಿದ ತಳ ನೋಡಿದ. ಒಳಗೆಲ್ಲ ಕೂದಲೆಳೆಯಂಥ ಬಿರುಕು.

"ಇದರ ಮ್ಯಾಲ ಏನಾರ ಹೊಚ್ಚಿದ್ದೇನು?"

"ಹೌದ್ರಿ. ಚಳಿ ಇತ್ತಲ್ರಿ."

"ದಪ್ಪ ಸುರಿದ್ರ ಅದು ತನ್ನಷ್ಟಕ್ಕೆ ಕಾಯ್ತದೋ ಶಿವರಾಯ. ಆ ಕಾವು ಹೊರಗ ಹೋಗಾಕ ಬಿಡಬೇಕು, ಇಲ್ಲಾಂದ್ರ ಒಳಗೇ ಸುಟ್ಟು ಬಿರುಕು ಬಿಡ್ತದ. ಸ್ವಲ್ಪ ಸ್ವಲ್ಪ ಸುರೀಬೇಕಿತ್ತು. ನನಗೊಂದು ಮಾತು ಕೇಳಬಾರದಿತ್ತೇನು?"

ಕೇಳಬಹುದಿತ್ತು. ಮೇಸ್ತ್ರಿ ದಿನಾ ಎದುರಿಗೇ ಇರುತ್ತಿದ್ದ.

ಮನೆಗೆ ಬಂದಾಗ ಅಮೃತಬಾಯಿ ನಡುಗುತ್ತಿದ್ದಳು. ಯಾಕೆ ಮುರಿಯಿತೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಚಳಿ ಆಗ್ಲಿಕತ್ತದ್ರಿ. ಆ ಕಂಬಳಿ ಹೊಚ್ರಿ."

ಗೂಟದ ಮೇಲಿನ ಕಂಬಳಿಗೆ ಇನ್ನೂ ರಾಳದ ವಾಸನೆಯಿತ್ತು. ಶಿವರಾಯ ಅದನ್ನು ಹಿಡಿದುಕೊಂಡು ನಿಂತೇ ಇದ್ದ, ಅವಳು ಇನ್ನೊಮ್ಮೆ ಕೇಳಿದಳು.