ಹಾಕದ ಗಂಟು

ಭಾರ ಸಾಗಿಸುವವರ ಗುಂಪಿನಲ್ಲಿ ಅವರಿಗೆ ಜಾಕಿಯಣ್ಣ ಎಂದು ಹೆಸರು. ಲಾರಿ ಎತ್ತುವ ಜಾಕಿಗೂ ತಮಗೂ ಇರುವ ವ್ಯತ್ಯಾಸವೆಂದರೆ ಜಾಕಿಗೆ ಆಗಾಗ ಎಣ್ಣೆ ಬಿಡಬೇಕು, ತಮಗೆ ಬೇಡ ಎಂದು ಅವರೇ ಹೇಳಿಕೊಂಡು ತಿರುಗುತ್ತಿದ್ದರು. ಈಚೆಗೆ ಮನೆಯ ಬಾಗಿಲು ಹಾಕಿಕೊಂಡು ಹೆಂಡತಿಯ ಕೈಯಲ್ಲಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ವಿಷಯ ಗುಂಪಿನಲ್ಲಿ ಯಾರಿಗೂ ತಿಳಿಯದು ಎಂದೇ ಅವರು ನಂಬಿದ್ದರು. ಗುಂಪಿನಲ್ಲೇ ಇದ್ದ ಆಕೆಯ ತಮ್ಮನಿಗೂ ಹೇಳಿರಲಿಲ್ಲ.

"ಇವತ್ತು ಹಗ್ಗ ನನ್ನ ತಮ್ಮನ ಕೈಗೆ ಕೊಟ್ಬಿಡಿ," ಎಂದಳು ಆಕೆ ಆ ಬೆಳಿಗ್ಗೆ.

"ಹಗ್ಗ ಕೊಟ್ರೆ ಬಾಯೂ ಕೊಡ್ಬೇಕಾಗತ್ತೆ. ಆಮೇಲೆ ನಾನೇನು ಕೆಳಗೆ ನಿಂತು ಚಪ್ಪಾಳೆ ತಟ್ಲಾ?"

ಗುಂಪಿನ ಕಟ್ಟಳೆ ಹಾಗಿತ್ತು. ಭಾರ ಇಳಿಯುವಾಗ ಹಗ್ಗ ಹಿಡಿದವನೊಬ್ಬನೇ ಮಾತಾಡಬೇಕು. ಉಳಿದವರು ಕೈ ಎತ್ತಿ ಅಪ್ಪಣೆ ಪಡೆಯಬೇಕು. ಎಲ್ಲರೂ ಒಟ್ಟಿಗೆ ಕೂಗಿದರೆ ಯಾರದೋ ಕಾಲು ಹೋಗುತ್ತದೆ ಎಂಬುದು ಕಾರಣ. ನಿದ್ದೆಯಲ್ಲೂ ವಟಗುಟ್ಟುವ, ಅದಕ್ಕೇ ರೇಡಿಯೋ ಎನಿಸಿಕೊಂಡ ಜೊತೆಗಾರ ಕೂಡ ಆಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇನ್ನೊಂದು ಕಟ್ಟಳೆ ಅದಕ್ಕಿಂತ ಖಡಕ್ಕು: ಹಗ್ಗಕ್ಕೆ ಗಂಟು ಬೀಳದೆ ಭಾರದ ಕೆಳಗೆ ಯಾರೂ ಹೋಗಕೂಡದು. ಗಂಟು ಬಿತ್ತೇ ಎಂದು ಕೇಳಲು ಮಾತ್ರ ಅಪ್ಪಣೆ ಬೇಕಿರಲಿಲ್ಲ. ಎರಡೂ ಕಟ್ಟಳೆ ಮಾಡಿದವರು ಜಾಕಿಯಣ್ಣನೇ.

ಅಂದು ಇಳಿಸಬೇಕಾಗಿದ್ದದ್ದು ಒಂದು ಆಫೀಸಿನ ಮಹಡಿಯಲ್ಲಿದ್ದ ಕಬ್ಬಿಣದ ತಿಜೋರಿ. ಮೆಟ್ಟಿಲ ಮೇಲೆ ಹಲಗೆ ಹಾಸಿದ್ದರು. ತಿಜೋರಿಗೆ ಬಿಗಿದ ಹಗ್ಗವನ್ನು ಮೇಲಿನ ಕಂಬಕ್ಕೆ ಸುತ್ತಿ, ತುದಿ ಹಿಡಿದ ಜಾಕಿಯಣ್ಣ ಗೇಣುಗೇಣಾಗಿ ಬಿಡುತ್ತಿದ್ದರು. ರೇಡಿಯೋ ತಿಜೋರಿಯ ಮೇಲಂಚು ಹಿಡಿದು ಹಿಂದೆಯೇ ಇಳಿಯುತ್ತಿದ್ದ. ಭಾಮೈದ ಕೆಳಗಿನ ತಿರುವಿನಲ್ಲಿ ಒಂದು ಬದಿಗೆ ನಿಂತಿದ್ದ. ಅರ್ಧ ದಾರಿಯಲ್ಲಿ ಕೆಳಗಿನ ಮೂಲೆ ಹಲಗೆಗಳ ಸಂದಿಗೆ ಸಿಕ್ಕಿ ತಿಜೋರಿ ನಿಂತುಬಿಟ್ಟಿತು.

"ಹಾರೆ ಹಾಕಿ ಮೂಲೆ ಎತ್ತೋ!"

"ಗಂಟು ಹಾಕಿದ್ರಾ ಭಾವ?"

ಗಂಟು ಹಾಕಬೇಕಾದದ್ದು ಕಂಬದ ಬುಡದಲ್ಲಿ. ಅಲ್ಲಿಯವರೆಗೆ ಬಗ್ಗಬೇಕು. ಬಗ್ಗಿದರೆ ಏಳುವುದು ಖಾತ್ರಿಯಿರಲಿಲ್ಲ. ಎದ್ದರೂ 'ಅಯ್ಯಮ್ಮಾ' ಎನ್ನದೆ ಏಳುವುದಂತೂ ಸುಳ್ಳು. ಭಾರ ಹೇಗೂ ಸಿಕ್ಕಿಕೊಂಡಿದೆ, ಒಂದು ಗಳಿಗೆಯ ಕೆಲಸ ಎಂದುಕೊಂಡರು.

"ಹ್ಞೂಂ," ಎಂದರು.

ಭಾಮೈದ ಹಾರೆ ಹಿಡಿದು ತಿಜೋರಿಯ ಕೆಳಗೆ ಬಂದ. ಅಲ್ಲಿಂದ ಅವನಿಗೆ ಕಂಬ ಕಾಣುತ್ತಿರಲಿಲ್ಲ. ರೇಡಿಯೋಗೆ ಕಾಣುತ್ತಿತ್ತು. ಅವನ ಕಣ್ಣು ಕಂಬದ ಬುಡಕ್ಕೆ ಹೋಯಿತು, ಜಾಕಿಯಣ್ಣನ ಮುಖಕ್ಕೆ ಬಂತು, ಮತ್ತೆ ಬುಡಕ್ಕೆ ಹೋಯಿತು. ಮೆಲ್ಲಗೆ ಕೈ ಎತ್ತಿದ.

ಜಾಕಿಯಣ್ಣ ಕಣ್ಣು ಕೆಂಪಗೆ ಮಾಡಿದರು. ಕೈ ಇಳಿಯಲಿಲ್ಲ. ಕೆಳಗೆ ಹಾರೆಯ ಮೊನೆ ಸಂದಿಗೆ ತಾಗಿದ ಸದ್ದು. ರೇಡಿಯೋ ಕೈಯನ್ನು ಇನ್ನೂ ಮೇಲಕ್ಕೆ ಚಾಚಿದ, ಬಾಯಿ ಮಾತ್ರ ತೆರೆಯಲೊಲ್ಲದು.

ಮೂಲೆ ಕಿರ್ರೆಂದು ಮೇಲೆದ್ದಿತು. ಇಡೀ ಭಾರ ಒಮ್ಮೆಲೇ ಹಗ್ಗಕ್ಕೆ ಬಂತು. ಜಾಕಿಯಣ್ಣನ ಸೊಂಟದಲ್ಲಿ ಛಳಕ್ಕೆಂದಿತು; ಉಸಿರೇ ಕಟ್ಟಿತು. ಹಗ್ಗ ಕಂಬದ ಸುತ್ತ ಬುಸುಗುಟ್ಟುತ್ತಾ ಜಾರಿತು, ಅಂಗೈ ಸುಟ್ಟಿತು. ಕಿರುಚಿದರೆ ಜಾಕಿ ಎಂಬ ಹೆಸರು ಹೋಗುತ್ತದೆ, ಸುಮ್ಮನಿದ್ದರೆ ಹೆಂಡತಿಯ ತಮ್ಮ ಹೋಗುತ್ತಾನೆ. ಇಂಥ ಹೊತ್ತಿನಲ್ಲೂ ಮನುಷ್ಯ ಎರಡನ್ನೂ ತೂಗಿ ನೋಡುತ್ತಾನಲ್ಲ!

"ಗಂಟಿಲ್ಲ ಕಣೋ!" ಎಂದು ಕೊನೆಗೂ ಕೂಗಿದರು. "ಸುಳ್ಳು ಹೇಳ್ದೆ! ಪಕ್ಕಕ್ಕೆ ಹಾರು! ನನ್ನ ಕೈಲಾಗ್ತಿಲ್ಲ!"

ಭಾಮೈದ ಹಾರೆ ಬಿಟ್ಟು ತಿರುವಿನ ಮೂಲೆಗೆ ಹಾರಿದ. ತಿಜೋರಿ ಧಡಧಡನೆ ಇಳಿದು, ಅವನು ಆಗಷ್ಟೇ ನಿಂತಿದ್ದ ಕಡೆಯ ಗೋಡೆಗೆ ಗುದ್ದಿ, ಗಾರೆ ಉದುರಿಸಿ ನಿಂತಿತು. ಹಾರೆ ಬಿಲ್ಲಿನಂತೆ ಬಾಗಿತ್ತು.

ಸುಣ್ಣ ಮೆತ್ತಿದ ಮುಖ ಹೊತ್ತು ಅವನು ಮೇಲೆ ಬಂದಾಗ ಜಾಕಿಯಣ್ಣ ಕಂಬದ ಪಕ್ಕ ಅಂಗಾತ ಬಿದ್ದಿದ್ದರು.

"ಹ್ಞೂಂ ಅಂದ್ರಲ್ಲ ಭಾವ."

"ಅಂದೆ."

"ಅಕ್ಕನಿಗೆ ಏನಂತ ಹೇಳ್ತಿದ್ರಿ?"

ಜಾಕಿಯಣ್ಣ ಸೂರು ನೋಡಿದರು.

"ಸೊಂಟ ಕೈಕೊಟ್ಟಿದ್ದು ನಂಗೊತ್ತಿತ್ತು," ಎಂದ ರೇಡಿಯೋ. "ಚಪ್ಪಲಿ ಹಾಕ್ಕೊಳ್ಳೋಕೆ ಗೋಡೆ ಹಿಡ್ಕೋತಿದ್ರು."

"ಮತ್ತೆ ಬಾಯಿ ಬಿಡೋಕೇನಾಗಿತ್ತೋ ನಿಂಗೆ?" ಭಾಮೈದ ಗದರಿದ.

"ಕೈ ಎತ್ತಿದ್ನಲ್ಲ!"

ಭಾಮೈದ ಬಗ್ಗಿ ಹಗ್ಗಕ್ಕೆ ಗಂಟು ಬಿಗಿದ. ಆಮೇಲೆ ಆಫೀಸಿನಿಂದ ಒಂದು ಕುರ್ಚಿ ತಂದರು. ಜಾಕಿಯಣ್ಣನನ್ನು ಅದರಲ್ಲಿ ಕೂರಿಸಿ ಇಬ್ಬರೂ ಹಿಂದಿನ ಮೆಟ್ಟಿಲ ಕಡೆ ಹೊತ್ತರು.

"ಮೊಣಕಾಲು ಬಗ್ಸಿ, ಸೊಂಟ ಬಗ್ಗಿಸ್ಬೇಡಿ," ಎಂದು ಭಾರವೇ ಅಪ್ಪಣೆ ಕೊಡತೊಡಗಿತು. "ಮೈಗೆ ಹತ್ರ ಹಿಡ್ಕೊಳ್ಳಿ. ಏಯ್, ಸರಕ್ಕನೆ ತಿರುಗ್ಬೇಡ..."

"ಭಾವ, ಅದೆಲ್ಲ ನಾವು ನೋಡ್ಕೋತೀವಿ. ನೋವಾದ್ರೆ ನೋವಾಯ್ತು ಅನ್ನಿ. ಅಷ್ಟು ಸಾಕು."

ಕೆಲವು ಮೆಟ್ಟಿಲು ಇಳಿದರು. ಜಾಕಿಯಣ್ಣ ಹಲ್ಲು ಕಚ್ಚಿಕೊಂಡು ನೆಟ್ಟಗೆ ಮುಂದೆ ನೋಡುತ್ತಿದ್ದರು. ತಿರುವಿನಲ್ಲಿ ಕುರ್ಚಿ ತುಸು ವಾಲಿತು.

"ನೋಯ್ತಿದೆ ಕಣೋ," ಎಂದರು, ಬಹಳ ಸಣ್ಣ ದನಿಯಲ್ಲಿ.

ಇಬ್ಬರೂ ಅಲ್ಲೇ ಕುರ್ಚಿ ಇಳಿಸಿ ನಿಂತರು.